ಕೊಕ್ಕೊ ಸಿಪ್ಪೆಯಿಂದ ಪಾತ್ರೆ ಸೋಪು

ನಮ್ಮೂರು ಪುತ್ತೂರಿನ ಹತ್ತಿರ. ಅಡಿಕೆ ತೋಟದ ನಡುವೆ ಕೊಕ್ಕೊ ಗಿಡಗಳಿವೆ. ಬೀಜ ಚಾಕಲೇಟಿಗೆ ಹೋಗುತ್ತದೆ, ಸಿಪ್ಪೆ ತೋಟದಲ್ಲೇ ಉಳಿಯುತ್ತದೆ. ಕಾಯಿಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಅದೇ! ಅಣ್ಣ ಅದನ್ನು ಗಿಡದ ಬುಡಕ್ಕೇ ಸುರಿಯುತ್ತಿದ್ದ. ಕೊಳೆತ ಕಾಯಿಯ ಸಿಪ್ಪೆ ಅಲ್ಲೇ ಬಿದ್ದಿದ್ದರೆ ಮಳೆಗಾಲದಲ್ಲಿ ಒಳ್ಳೆ ಕಾಯಿಗೂ ಕೊಳೆರೋಗ ಹಬ್ಬುತ್ತದೆ.

ನಾನು ಮೊದಲ ಸಲ ಎರಡು ಮೂಟೆ ಹಸಿ ಸಿಪ್ಪೆಯನ್ನು ಬಸ್ಸಿಗೆ ಹಾಕಿಸಿ ಬೆಂಗಳೂರಿಗೆ ತಂದೆ. "ಇದೆಂಥ ಮರ್ಲು ಮಾರಾಯ್ತಿ ನಿಂದು?" ಅಂದ ಅಣ್ಣ. ಅವನು ಹೇಳಿದ್ದು ಸರಿಯೇ. ಹಸಿ ಸಿಪ್ಪೆಯಲ್ಲಿ ನೀರೇ ಜಾಸ್ತಿ. ಸುಮ್ನೆ ನೀರಿಗೆ ಲಗೇಜ್ ಚಾರ್ಜ್ ಕೊಟ್ಟ ಹಾಗಾಯಿತು. ಬನಶಂಕರಿಯ ನಮ್ಮ ತಾರಸಿಯಲ್ಲಿ ಮೂರನೇ ದಿನಕ್ಕೆ ಹುಳಿ ವಾಸನೆ, ನೊಣ. ಕೆಳಗಿನ ಮನೆ ಆಂಟಿ ಮೆಟ್ಟಿಲು ಹತ್ತಿ ಬಂದು ಮೂಗಿಗೆ ಸೆರಗು ಹಿಡಿದು ನಿಂತರು.

ಈಗ ಅಡಿಕೆ ಒಣಗಿಸುವ ಅಂಗಳದಲ್ಲೇ ಸಿಪ್ಪೆಯನ್ನೂ ಒಣಗಿಸಿ ಸುಡುತ್ತೇವೆ. 10 ಕಿಲೋ ಒಣ ಸಿಪ್ಪೆಗೆ ಕಿಲೋಗಿಂತ ತುಸು ಕಡಿಮೆ ಬೂದಿ ಸಿಗುತ್ತದೆ. ಒಂದು ಡಬ್ಬಿಯಲ್ಲಿ ಬ್ಯಾಗಿಗೆ ಹಾಕಿಕೊಂಡು ಬರಬಹುದು. ಇದರಲ್ಲಿ ಸೋಪಿಗೆ ಬೇಕಾದ ಕ್ಷಾರ, ಅಂದರೆ ಪೊಟ್ಯಾಷ್, ಚೆನ್ನಾಗಿದೆ. ಘಾನಾದ ಹಳ್ಳಿಗಳಲ್ಲಿ ಹೆಂಗಸರು ಇದೇ ಬೂದಿಯಿಂದ ಕಪ್ಪು ಸೋಪು ಮಾಡುತ್ತಾರೆ.

ಬೂದಿಯನ್ನು ರಾತ್ರಿಯಿಡೀ ಮಳೆನೀರಿನಲ್ಲಿ ನೆನೆಸಿ, ಹಳೇ ಪಂಚೆಯಲ್ಲಿ ಸೋಸುತ್ತೇನೆ. ಕಾಫಿ ಡಿಕಾಕ್ಷನ್ ಬಣ್ಣದ ನೀರು ಇಳಿಯುತ್ತದೆ. ಬೋರ್‌ವೆಲ್ ನೀರು ಬೇಡ, ಗಡಸು ನೀರಿಗೆ ಸೋಪು ಒಡೆದ ಹಾಲಿನ ಹಾಗಾಗುತ್ತದೆ. ಒಮ್ಮೆ ಈ ಬೂದಿನೀರನ್ನು ಅಲ್ಯೂಮಿನಿಯಂ ಡಬರಿಗೆ ಹಾಕಿದ್ದೆ. ಸುರ್ರೆಂದು ನೊರೆ ಎದ್ದು ಪಾತ್ರೆ ಕಪ್ಪಾಯಿತು, ತಳದಲ್ಲಿ ಸಣ್ಣ ಸಣ್ಣ ಗುಳಿ. ಸ್ಟೀಲೇ ಆಗಬೇಕು.

ಮೊದಲ ಸಲ ಬರೀ ಬೂದಿನೀರಿಗೆ ತೆಂಗಿನೆಣ್ಣೆ ಹಾಕಿ ಮೂರು ಗಂಟೆ ಕುದಿಸಿದೆ. ಎಣ್ಣೆ ಮೇಲೆ ತೇಲುತ್ತಲೇ ಇತ್ತು. ಗ್ಯಾಸ್ ಖರ್ಚಾಗಿದ್ದೇ ಬಂತು. ಆಮೇಲೆ ಎಲೆಅಡಿಕೆಗೆ ಹಾಕುವ ಸುಣ್ಣ ಕಲಸಿದೆ. ಸುಣ್ಣ ಬೂದಿನೀರಿನ ಕ್ಷಾರ ಹೆಚ್ಚಿಸಿ, ತಾನು ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು ಎಣ್ಣೆ ಜೊತೆ ಕುದಿಸಿದರೆ ಸೌಟಿಗೆ ಅಂಟುವ ಕಂದು ಮುದ್ದೆಯಾಗುತ್ತದೆ. ಈ ತಿಳಿ ಚರ್ಮ ಸುಡುತ್ತದೆ. ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಬೇಡಿ.

"ಇದು ಗಟ್ಟಿ ಆಗೋದು ಯಾವಾಗಮ್ಮ?" ಅಂತ ಆಂಟಿ ಎರಡು ಸಲ ಕೇಳಿದರು. ಆಗಲ್ಲ ಆಂಟಿ, ಪೊಟ್ಯಾಷ್ ಸೋಪು ಮೆತ್ತಗೇ ಇರುತ್ತದೆ. ಹಳೇ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಸಿಂಕ್ ಪಕ್ಕ ಇಟ್ಟಿದ್ದೇನೆ. ಪಾತ್ರೆಗೆ ಮಾತ್ರ. ಮೈಗೆ ಹಚ್ಚಲು ನನಗಿನ್ನೂ ಧೈರ್ಯ ಬಂದಿಲ್ಲ.