ಪಾಕೆಟ್ ವಾಚ್ ಮತ್ತು ಗೇಮ್ ಬಾಯ್ ಬಿಚ್ಚಲು ಸಲಕರಣೆ ಕೊಳ್ಳುವ ಬಗೆ

ಹಳೆಯ ಪಾಕೆಟ್ ವಾಚನ್ನಾಗಲಿ, ನಿಂಟೆಂಡೊ ಕಂಪನಿ 1989ರಲ್ಲಿ ಹೊರತಂದ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಸಾಧನವನ್ನಾಗಲಿ ಕೊಂಡು ತಾವೇ ಬಿಚ್ಚಿ ಶುಚಿಮಾಡಲು ಬಯಸುವವರು ಮೊದಲು ಕೊಳ್ಳುವುದು ಹತ್ತಾರು ಬಿಟ್‌ಗಳಿರುವ (ಬದಲಿಸಬಹುದಾದ ತುದಿಗಳಿರುವ) ಒಂದೇ ಸ್ಕ್ರೂಡ್ರೈವರ್ ಪೆಟ್ಟಿಗೆಯನ್ನು. ಎರಡೂ ಅಂಗೈಯಲ್ಲಿ ಹಿಡಿಸುವ ವಸ್ತುಗಳು, ಎರಡರಲ್ಲೂ ಸಣ್ಣ ಸ್ಕ್ರೂಗಳೇ ಇರುವುದು. ಹಾಗಾಗಿ ಒಂದೇ ಪೆಟ್ಟಿಗೆ ಸಾಕೆನಿಸುವುದು ಸಹಜ. ಆದರೆ ಎರಡಕ್ಕೂ ಬೇರೆ ಬೇರೆ ಸಲಕರಣೆಗಳನ್ನು ಇಟ್ಟುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಮುಖ್ಯ ಕಾರಣ ಅಯಸ್ಕಾಂತ. ಅಂತಹ ಪೆಟ್ಟಿಗೆಗಳ ಹಿಡಿಗಳು ಬಹುತೇಕ ಅಯಸ್ಕಾಂತವುಳ್ಳವು. ಗೇಮ್ ಬಾಯ್‌ನ ಆಳವಾದ ಕುಳಿಗಳಿಂದ ಸ್ಕ್ರೂಗಳನ್ನು ಮೇಲೆತ್ತಲು ಅದು ಬಹಳ ಅನುಕೂಲ. ಅದೇ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತ ವಾಚಿನ ವೇಗವನ್ನು ಕಾಯುವ ಬ್ಯಾಲೆನ್ಸ್ ಚಕ್ರದ ಬಳಿ ತಂದರೆ ಅದಕ್ಕೆ ಜೋಡಿಸಿದ ಕೂದಲೆಳೆಯಂತಹ ಹೇರ್‌ಸ್ಪ್ರಿಂಗ್ ಅಯಸ್ಕಾಂತ ಗುಣ ಪಡೆದು, ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಆಗ ಗಡಿಯಾರ ಸಿಕ್ಕಾಪಟ್ಟೆ ಮುಂದೆ ಓಡುತ್ತದೆ. ವಾಚನ್ನು ಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸಬಹುದು. ನಡೆಯುತ್ತಿರುವ ವಾಚಿನ ಮೇಲೆ ಸಣ್ಣದೊಂದು ದಿಕ್ಸೂಚಿಯನ್ನಿಟ್ಟಾಗ ಅದರ ಮುಳ್ಳು ಬ್ಯಾಲೆನ್ಸ್‌ನ ತಾಳಕ್ಕೆ ಸರಿಯಾಗಿ ನಡುಗಿದರೆ, ಒಳಗೆ ಅಯಸ್ಕಾಂತ ಗುಣ ಸೇರಿದೆ ಎಂದು ತಿಳಿಯಬೇಕು. ಡಿಮ್ಯಾಗ್ನೆಟೈಜರ್ ಎಂಬ ಪುಟ್ಟ ಡಬ್ಬಿ ಇದನ್ನು ಸರಿಪಡಿಸುತ್ತದೆ, ಅಗ್ಗದ್ದೇ ಸಾಕು.

ವಾಚಿನ ಸಲಕರಣೆಗಳಲ್ಲಿ ಹಣವನ್ನು ಧಾರಾಳವಾಗಿ ವ್ಯಯಿಸಬೇಕಾದದ್ದು ಸ್ಕ್ರೂಡ್ರೈವರ್‌ಗಳಿಗೆ. ಪಾಕೆಟ್ ವಾಚಿನ ಸ್ಕ್ರೂಗಳು ಕೈಗಡಿಯಾರದವುಗಳಿಗಿಂತ ದೊಡ್ಡವಾಗಿರುವುದರಿಂದ ಸುಮಾರು 1.0ರಿಂದ 2.0 ಮಿ.ಮೀ. ಅಗಲದ ನಾಲ್ಕು ಚಪ್ಪಟೆ ಅಲಗುಗಳಲ್ಲಿ ಹೆಚ್ಚಿನ ಕೆಲಸ ಮುಗಿಯುತ್ತದೆ. ಅಲಗಿನ ಅಗಲ ಸ್ಕ್ರೂ ತಲೆಯ ಸೀಳಿನ ಉದ್ದಕ್ಕೆ ಹೊಂದಬೇಕು, ಅದರ ದಪ್ಪ ಸೀಳನ್ನು ತುಂಬಬೇಕು. ಅಲಗು ಕಿರಿದಾಗಿದ್ದರೆ ಜಾರಿ, ನೂರು ವರ್ಷ ಹಾಳಾಗದೆ ಉಳಿದ ಸೇತುವೆಯ (ಚಕ್ರಗಳನ್ನು ಹಿಡಿದಿಡುವ ಲೋಹದ ಪಟ್ಟಿಯ) ಮೇಲೆ ಗೀರು ಬೀಳುತ್ತದೆ, ಅದನ್ನು ಅಳಿಸುವ ಉಪಾಯವಿಲ್ಲ. ಸ್ವಿಟ್ಜರ್ಲೆಂಡಿನ ಬರ್ಜನ್ ಕಂಪನಿಯ ಡ್ರೈವರ್‌ಗಳು ದುಬಾರಿಯಾದರೂ ಅವುಗಳ ಉಕ್ಕು ಬೇಗ ಬಾಗುವುದಿಲ್ಲ, ಅಲಗು ಸವೆದಾಗ ಅದನ್ನಷ್ಟೇ ಬದಲಿಸಬಹುದು. ಕಡಿಮೆ ಬೆಲೆಯವನ್ನೇ ಕೊಳ್ಳುವವರು ಜೊತೆಗೆ ಒಂದು ಸಾಣೆಕಲ್ಲನ್ನೂ ಕೊಳ್ಳಬೇಕು, ಏಕೆಂದರೆ ಅಂತಹ ಅಲಗುಗಳನ್ನು ಆಗಾಗ ಮಟ್ಟಸ ಮಾಡಬೇಕಾಗುತ್ತದೆ.

ಕಣ್ಣಿಗೆ ಸಿಕ್ಕಿಸುವ ಮಸೂರದ ವಿಷಯದಲ್ಲಿ ಹೆಚ್ಚು ವರ್ಧನೆಯೇ ಒಳ್ಳೆಯದೆಂಬ ಭಾವನೆ ಸರಿಯಲ್ಲ. ಹತ್ತು ಪಟ್ಟು ತೋರಿಸುವ ಮಸೂರದ ಮುಂದೆ ವಸ್ತುವನ್ನು ಸುಮಾರು 25 ಮಿ.ಮೀ. ದೂರದಲ್ಲಿ ಹಿಡಿಯಬೇಕಾಗುವುದರಿಂದ ನಡುವೆ ಸ್ಕ್ರೂಡ್ರೈವರ್‌ಗೆ ಜಾಗವೇ ಇರುವುದಿಲ್ಲ. ಅದು ಚಕ್ರದ ಅಚ್ಚಿನ ತುದಿಯನ್ನೋ ಅದು ಕೂರುವ ಮಾಣಿಕ್ಯದ ಬಿರುಕನ್ನೋ ನೋಡಲು ಮಾತ್ರ. ದುಡಿಯಲು ನಾಲ್ಕು ಪಟ್ಟಿನದೇ ಸರಿ. ಚಿಮುಟ ಅಯಸ್ಕಾಂತಕ್ಕೆ ಅಂಟದಂಥದ್ದಾಗಿರಲಿ. ಬಾಯಿಂದ ಊದಿದರೆ ತೇವ ತಗಲುವುದರಿಂದ ರಬ್ಬರ್ ಬ್ಲೋವರ್ ಬೇಕೇ ಬೇಕು.

ಹಿಂಬದಿ ಮುಚ್ಚಳ ತೆರೆಯುವ ಚಾಕುವನ್ನು ಕೊಳ್ಳುವ ಮುನ್ನ ವಾಚನ್ನೊಮ್ಮೆ ಸುತ್ತಲೂ ತಿರುಗಿಸಿ ನೋಡಬೇಕು. ಅಂಚಿನಲ್ಲಿ ಕೀಲು ಕಂಡರೆ ಅದರ ಎದುರಿಗಿರುವ ಸಣ್ಣ ತುಟಿಯಲ್ಲಿ ಮಾತ್ರ ಚಾಕು ಹಾಕಬೇಕು. ವಾಲ್ಥಮ್, ಎಲ್ಜಿನ್‌ನಂತಹ ಅಮೆರಿಕದ ವಾಚುಗಳಲ್ಲಿ ಅನೇಕವಕ್ಕೆ ಮರೆಯುಳ್ಳ (ಸ್ಕ್ರೂವಿನಂತೆ ಸುರುಳಿ ಗೆರೆಗಳುಳ್ಳ) ಮುಚ್ಚಳವಿದ್ದು, ಅಂಗೈಯಿಂದ ಒತ್ತಿ ಎಡಕ್ಕೆ ತಿರುಗಿಸಿದರೆ ಸಾಕು. ಇವುಗಳ ಯಂತ್ರವನ್ನೂ ಕವಚವನ್ನೂ ಹಿಂದೆ ಬೇರೆಬೇರೆಯಾಗಿ ಮಾರುತ್ತಿದ್ದುದರಿಂದ, ತಯಾರಾದ ವರ್ಷವನ್ನು ತಿಳಿಯಲು ಕವಚದ ಸಂಖ್ಯೆಯನ್ನು ಬಿಟ್ಟು ಯಂತ್ರದ ಮೇಲಿನ ಸಂಖ್ಯೆಯನ್ನೇ ನೋಡಬೇಕೆಂಬುದನ್ನು ಕೊಳ್ಳುವವರು ನೆನಪಿಡಬೇಕು. 1961ರಲ್ಲಿ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ವಾಚ್ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ಪಾಕೆಟ್ ವಾಚ್ ಮನೆಯಲ್ಲಿದ್ದರೆ, ಅಭ್ಯಾಸಕ್ಕೆ ಅದನ್ನು ಆರಿಸದೆ ಕೆಟ್ಟುಹೋದ ಬೇರೊಂದು ಯಂತ್ರವನ್ನು ಕೊಂಡು ಕೈ ಪಳಗಿಸಿಕೊಳ್ಳುವುದು ಮೇಲು. ಯಾವ ವಾಚೇ ಆಗಲಿ, ಸೇತುವೆಗಳ ಸ್ಕ್ರೂ ಸಡಿಲಿಸುವ ಮೊದಲು ಕೀಲಿಯನ್ನು ಇಳಿಸಲೇಬೇಕು, ಅಂದರೆ ಒಳಗಿನ ಸ್ಪ್ರಿಂಗಿನ ಬಿಗಿತ ಸಡಿಲಿಸಬೇಕು: ಕೀಲಿ ಕೊಡುವ ತಿರುಗುಗುಬ್ಬಿಯನ್ನು ಬಿಗಿಯಾಗಿ ಹಿಡಿದು, ಕ್ಲಿಕ್ ಎಂಬ ತಡೆಯನ್ನು ಮರದ ಕಡ್ಡಿಯಿಂದ ಸರಿಸಿ, ಗುಬ್ಬಿ ಬೆರಳುಗಳ ನಡುವೆ ನಿಧಾನವಾಗಿ ಹಿಂದಕ್ಕೆ ಜಾರಲು ಬಿಡಬೇಕು.

ಗೇಮ್ ಬಾಯ್‌ಗೆ ಇಷ್ಟು ಖರ್ಚಿಲ್ಲ. ಅದರ ಕವಚವನ್ನು ಹಿಡಿದಿರುವ ಆರು ಸ್ಕ್ರೂಗಳಿಗೆ ಮೂರು ಕವಲಿನ ತಲೆಯಿದ್ದು, ಅವುಗಳಲ್ಲಿ ಎರಡು ಬ್ಯಾಟರಿ ಗೂಡಿನೊಳಗಿವೆ. ಇವಕ್ಕೆ ಟ್ರೈವಿಂಗ್ ಡ್ರೈವರ್, ಒಳಗಿನವಕ್ಕೆ ಸಣ್ಣ ಪ್ಲಸ್ ಡ್ರೈವರ್, ಆಟವಿರುವ ಕಾರ್ಟ್ರಿಜ್ ತೆರೆಯಲು 3.8 ಮಿ.ಮೀ. ಗೇಮ್‌ಬಿಟ್ ಎಂಬ ವಿಶೇಷ ತುದಿ ಬೇಕು. ಬಿಚ್ಚಿದಾಗ ಎರಡು ಹೋಳುಗಳನ್ನು ಕೂಡಿಸುವ ರಿಬ್ಬನ್ ಕೇಬಲನ್ನು ಓರೆಯಾಗಿ ಎಳೆಯದೆ ನೇರವಾಗಿ ಬಿಡಿಸಬೇಕು. ಆಲ್ಕಲೈನ್ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಮೊದಲು ವಿನೆಗರ್, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಬೇಕು. ಈ ದ್ರವ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಮತ್ತೆ ಜೋಡಿಸುವಾಗ ಸ್ಕ್ರೂವನ್ನು ಮೊದಲು ಎಡಕ್ಕೆ ತಿರುಗಿಸಿ, ಅದು ಹಳೆಯ ಮರೆಯೊಳಗೆ ತಟ್ಟನೆ ಕುಳಿತದ್ದು ಕೈಗೆ ತಿಳಿದ ಮೇಲೆ ಬಲಕ್ಕೆ ತಿರುಗಿಸಬೇಕು, ಇಲ್ಲವಾದರೆ ಪ್ಲಾಸ್ಟಿಕ್ ಕೊರೆದುಹೋಗುತ್ತದೆ.

ಆಟದ ಪ್ರಗತಿಯನ್ನು ಉಳಿಸುವ ಕಾರ್ಟ್ರಿಜ್‌ಗಳಲ್ಲಿ ಬೆಸುಗೆ ಹಾಕಿದ ನಾಣ್ಯದಾಕಾರದ ಬ್ಯಾಟರಿಯಿರುತ್ತದೆ. ಅದನ್ನು ಬದಲಿಸುವ ಯೋಚನೆಯಿದ್ದವರು ಮಾತ್ರ ಸೋಲ್ಡರಿಂಗ್ ಐರನ್ ಕೊಳ್ಳಲಿ, ತೆಗೆದರೆ ಉಳಿಸಿದ್ದೆಲ್ಲ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ವಾಚನ್ನು ನಡೆಸುವ ಮೇನ್‌ಸ್ಪ್ರಿಂಗ್ ಸುತ್ತುವ ಸಾಧನವನ್ನಂತೂ ಮೊದಲೇ ಕೊಳ್ಳುವುದು ಬೇಡ, ಏಕೆಂದರೆ ಅದರ ಗಾತ್ರ ಸ್ಪ್ರಿಂಗ್ ಕೂರುವ ಡಬ್ಬಿಯ ಅಳತೆಗೆ ಹೊಂದಬೇಕು, ಆ ಅಳತೆ ಸಿಗುವುದು ವಾಚನ್ನು ಬಿಚ್ಚಿದ ಮೇಲೆಯೇ.