ರೆಕ್ಕೆಯ ಕೋನ ಕಣ್ಣಳತೆಗೆ ಸಿಗುವುದಿಲ್ಲ

ತೀರ್ಥಹಳ್ಳಿ, ಹೊಸನಗರದ ಕಡೆ ಕೊಯ್ಲಾದ ಗದ್ದೆಗಳಲ್ಲಿ ಹುಡುಗರು ಹಾರಿಸುವ ಮಾದರಿ ವಿಮಾನಗಳು, ಮೋಟಾರನ್ನು ನಿಲ್ಲಿಸಿ ತೇಲಿಸಿದಾಗಲೂ ಮೂಗೆತ್ತಿ, ವೇಗ ಕಳೆದುಕೊಂಡು ಕೂಳೆಯ ಮೇಲೆ ಕುಸಿಯುವುದನ್ನು ಹಲವು ಸಲ ನೋಡಿದ್ದೇನೆ. ಗುರುತ್ವ ಕೇಂದ್ರವು ವಿಮಾನದ ನಕ್ಷೆ ಹೇಳಿದ ಜಾಗದಲ್ಲಿಯೇ ಇದ್ದರೆ, ಮುಂದೆ ಅನುಮಾನಿಸಬೇಕಾದದ್ದು ರೆಕ್ಕೆಯ ಇನ್ಸಿಡೆನ್ಸ್ ಕೋನವನ್ನು, ಅಂದರೆ ಒಡಲಿನ ಮೇಲೆ ರೆಕ್ಕೆ ಮುಂದಂಚನ್ನು ಎತ್ತಿ ಕೂತಿರುವ ಓರೆಯನ್ನು.

ವಿಮಾನದ ಒಡಲನ್ನು ಮೇಜಿನ ಮೇಲಿಟ್ಟು, ಎರಡೂ ಬದಿಗೆ ಅಕ್ಕಿಯ ಸಣ್ಣ ಚೀಲಗಳನ್ನು ಒತ್ತಿ ಅಲುಗದಂತೆ ಮಾಡಿ. ನಾವು ಅಳೆಯುವುದು ಬಾಲಕ್ಕೂ ರೆಕ್ಕೆಗೂ ಇರುವ ವ್ಯತ್ಯಾಸವಾದ್ದರಿಂದ ಮೇಜು ತುಸು ವಾಲಿದ್ದರೂ ಅಡ್ಡಿಯಿಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲಿ ಕುಳಿತೂ ಅಳೆಯಬಹುದು.

ಎಡವುವುದು ಇಲ್ಲಿಂದ ಮುಂದೆ. ಬಹಳ ಮಂದಿ ಕೋನಮಾಪಕವನ್ನು ರೆಕ್ಕೆಯ ಚಪ್ಪಟೆ ತಳಕ್ಕೆ ಹಿಡಿಯುತ್ತಾರೆ. ಅಳೆಯಬೇಕಾದದ್ದು ಮುಂದಿನ ಅಂಚಿನ ತುತ್ತತುದಿಯಿಂದ ಹಿಂದಿನ ಅಂಚಿನ ದಪ್ಪದ ನಡುವಿಗೆ ಎಳೆದ ರೇಖೆಯನ್ನು. ಕ್ಲಾರ್ಕ್ ವೈ ಎಂಬ, ತಳ ಬಹುಪಾಲು ಚಪ್ಪಟೆಯಾಗಿರುವ ಮಾದರಿಯ ರೆಕ್ಕೆಯಲ್ಲಿ ತಳಕ್ಕೂ ಈ ರೇಖೆಗೂ ಸುಮಾರು 2 ಡಿಗ್ರಿ ಅಂತರವಿರುತ್ತದೆ. ನೇರವಾದ ಮರದ ಪಟ್ಟಿಗೆ ವಿ ಆಕಾರದಲ್ಲಿ ಕೊರೆದ ಎರಡು ಪ್ಲೈವುಡ್ ತುಂಡುಗಳನ್ನು, ಎರಡೂ ಕೊರೆತಗಳ ತಳ ಪಟ್ಟಿಯಿಂದ ಸಮದೂರದಲ್ಲಿರುವಂತೆ ಜೋಡಿಸಿ, ರೆಕ್ಕೆಯ ಎರಡೂ ಅಂಚುಗಳನ್ನು ಅವುಗಳಲ್ಲಿ ಸಿಕ್ಕಿಸಿ, ಪಟ್ಟಿಯ ಮೇಲೆ ಡಿಜಿಟಲ್ ಕೋನಮಾಪಕವನ್ನು ಇಡಿ. ಮೊದಲು ಬಾಲದ ಅಡ್ಡರೆಕ್ಕೆಯ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಬೇಕು. ಮೊಬೈಲನ್ನು ಇದಕ್ಕೆ ಬಳಸಬೇಡಿ, ಬೆನ್ನಿನ ಕ್ಯಾಮೆರಾ ಉಬ್ಬಿನಿಂದ ಅದು ಸಮವಾಗಿ ಕೂರುವುದಿಲ್ಲ.

ಒಡಲಿನಿಂದ ಸಮದೂರದಲ್ಲಿ ಎಡಕ್ಕೂ ಬಲಕ್ಕೂ ಮೂರು ಮೂರು ಸಲ ಅಳೆಯಿರಿ. ಎರಡು ಬದಿಗೂ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ರೆಕ್ಕೆ ತಿರುಚಿಕೊಂಡಿದೆ ಎಂದರ್ಥ. ನಮ್ಮ ಮಳೆಗಾಲದ ತೇವದಲ್ಲಿ ಬಾಲ್ಸಾ ಎಂಬ ಹಗುರ ಮರ ಹಾಗಾಗುವುದು ಹೊಸತಲ್ಲ. ಹೊದಿಕೆ ಪ್ಲಾಸ್ಟಿಕ್ ಫಿಲ್ಮ್‌ನದಾದರೆ, ರೆಕ್ಕೆಯನ್ನು ವಿರುದ್ಧ ದಿಕ್ಕಿಗೆ ತಿರುಚಿ ಹಿಡಿದು, ಫಿಲ್ಮನ್ನು ಬಿಸಿ ಮಾಡಿ, ಆರುವವರೆಗೂ ಬಿಡದಿರಿ.

ನಕ್ಷೆಯಿಲ್ಲದ ತರಬೇತಿ ವಿಮಾನಕ್ಕೆ ಬಾಲಕ್ಕಿಂತ 2 ಡಿಗ್ರಿ ಹೆಚ್ಚಿನಿಂದ ಆರಂಭಿಸುವುದು ನನ್ನ ರೂಢಿ. ರೆಕ್ಕೆಯ ಮುಂದಿನ, ಹಿಂದಿನ ಆಧಾರಗಳ ನಡುವೆ 200 ಮಿ.ಮೀ. ಇದ್ದರೆ 1 ಡಿಗ್ರಿ ಇಳಿಸಲು ಹಿಂದಿನ ಅಂಚಿನಡಿ 3.5 ಮಿ.ಮೀ. ಚಕ್ಕೆ ಸಾಕು. ಚಕ್ಕೆ ಪ್ಲೈವುಡ್ಡಿನದೇ ಆಗಿರಲಿ: ರಟ್ಟು ತೇವಕ್ಕೆ ಉಬ್ಬುತ್ತದೆ, ಫೋಮ್ ಟೇಪು ಬೋಲ್ಟಿನ ಬಿಗಿತಕ್ಕೆ ಅಮುಕಿಹೋಗುತ್ತದೆ. ಬೋಲ್ಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆದು, ಬಂದ ಅಂಕಿಯನ್ನು ಒಡಲಿನ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಮಳೆಗಾಲ ಕಳೆದು ವಿಮಾನವನ್ನು ಅಟ್ಟದಿಂದ ಇಳಿಸಿದ ದಿನ ಅದು ಬೇಕಾಗುತ್ತದೆ.