ಜಿರ್ಕೋನಿಯಾ ಕ್ಯಾಪ್ ಉಜ್ಜಿದ್ರಾ? ಪಾಲಿಶ್ ಬಿಡಬೇಡಿ

ದಾವಣಗೆರೆಯ ಪಿ.ಜೆ. ಬಡಾವಣೆ ಹತ್ತಿರ ನಮ್ಮದೊಂದು ಡೆಂಟಲ್ ಲ್ಯಾಬ್ ಇದೆ. ಹೊಸದಾಗಿ ಸೇರುವ ಹುಡುಗರು ಪಾಲಿಶ್ ಅಂದ್ರೆ ಸುಮ್ನೆ ಹೊಳಪಿಗೆ ಅಂದುಕೊಂಡಿರುತ್ತಾರೆ. ಹೊಳಪು ಆಮೇಲಿನ ಮಾತು. ಕ್ಯಾಪ್ ಬಾಳಿಕೆ ಬರೋದು ಬಿಡೋದು ಅಲ್ಲೇ ತೀರ್ಮಾನ ಆಗುತ್ತದೆ.

ಹಲ್ಲಿನ ಮೇಲೆ ಕೂರಿಸುವ ಈ ಜಿರ್ಕೋನಿಯಾ ಕ್ಯಾಪ್ ಒಂದು ಬಗೆಯ ಸೆರಾಮಿಕ್, ಲೋಹದ ಹಾಗೆ ಬಾಗುವುದಿಲ್ಲ. ಬರ್ (ಉಜ್ಜುವ ಡ್ರಿಲ್ ತುದಿ) ಬಿಟ್ಟ ಗೀರಿನ ತುದಿಯಿಂದಲೇ ಬಿರುಕು ಶುರು. ಅಗಿದಾಗಲೆಲ್ಲ, ಎಂಜಲಿನ ತೇವದಲ್ಲಿ, ಅದು ಚೂರುಚೂರೇ ಮುಂದೆ ಹೋಗುತ್ತದೆ. ಜಿರ್ಕೋನಿಯಾಗೆ ಒಂದು ಒಳ್ಳೇ ಗುಣ ಇದೆ. ಬಿರುಕಿನ ತುದಿಯಲ್ಲಿ ಅದರ ಹರಳುಗಳು ರೂಪ ಬದಲಿಸಿ ಸುಮಾರು ಶೇ. 4ರಷ್ಟು ಉಬ್ಬಿ, ಬಿರುಕನ್ನು ಅದುಮಿ ಹಿಡಿಯುತ್ತವೆ. ಆದರೆ ಒರಟು ಬರ್ ಒತ್ತಿ ಉಜ್ಜಿದರೆ ಗೀರು ಹಾಗೆ ಉಬ್ಬಿ ಬಿಗಿಯಾದ ಪದರವನ್ನೂ ದಾಟಿ ಕೆಳಗಿಳಿಯುತ್ತದೆ.

ಹಾಗಾಗಿ ಆಕಾರದ ಕೆಲಸವನ್ನೆಲ್ಲ ಫರ್ನೇಸ್‌ಗೆ ಇಡುವ ಮೊದಲೇ ಮುಗಿಸಿ. ಆಗ ಅದು ಸೀಮೆಸುಣ್ಣದಷ್ಟು ಮೆತ್ತಗಿರುತ್ತದೆ. 1500 ಡಿಗ್ರಿ ಆಸುಪಾಸಿನಲ್ಲಿ ಸುಟ್ಟ ಮೇಲೂ ಉಜ್ಜಲೇಬೇಕಾದರೆ ಕೆಂಪು ಪಟ್ಟಿಯ ನಯ ಬರ್ ತಗೊಳ್ಳಿ, ನೀರು ಬಿಟ್ಟುಕೊಳ್ಳಿ, ಕೈ ಹಗುರವಾಗಿರಲಿ. ಹಸಿರು ಪಟ್ಟಿಯ ಒರಟು ಬರ್ ಮುಟ್ಟಬೇಡಿ. ಕಿಡಿ ಹಾರಿತೋ, ಅಲ್ಲೇ ನಿಲ್ಲಿಸಿ.

ಆಮೇಲೆ ಡೈಮಂಡ್ ಪುಡಿ ಸೇರಿದ ರಬ್ಬರ್ ವೀಲ್‌ಗಳು: ಒರಟು, ಮಧ್ಯಮ, ನಯ. ಬರ್ ಗೀರು ಮೊದಲ ವೀಲ್‌ನಲ್ಲೇ ಪೂರ್ತಿ ಹೋಗಬೇಕು. ಉಳಿದರೆ ನಯ ವೀಲ್ ಅದಕ್ಕೂ ಹೊಳಪು ಕೊಡುತ್ತದೆ, ಅಷ್ಟೇ. ಲೂಪ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿಕೊಂಡು ಕ್ಯಾಪನ್ನು ಬೆಳಕಿಗೆ ಓರೆಯಾಗಿ ತಿರುಗಿಸಿ ನೋಡಿ, ಕೂದಲೆಳೆಯಂಥ ಗೆರೆ ಕಂಡರೆ ಮತ್ತೆ ಒರಟು ವೀಲ್‌ಗೆ ವಾಪಸ್. ಬ್ರಿಡ್ಜ್ (ಒಂದಕ್ಕೊಂದು ಸೇರಿಸಿದ ಹಲ್ಲುಗಳ ಸಾಲು) ಆದರೆ ಹಲ್ಲುಗಳು ಕೂಡುವ ಕಡೆ, ಒಸಡಿನ ಭಾಗ ಜೋಪಾನ. ಅಗಿಯುವಾಗ ಎಳೆತ ಬೀಳೋದು ಅಲ್ಲೇ. ಅಲ್ಲಿ ಡಿಸ್ಕ್ ಹಾಕಿ ಕೊರೆಯೋದು ಬೇಡವೇ ಬೇಡ.

ಒಳಭಾಗದ ಲೆಕ್ಕ ಬೇರೆ. ಸಿಮೆಂಟ್ ಹಿಡಿಯಬೇಕಲ್ಲ, 50 ಮೈಕ್ರಾನ್ ಅಲ್ಯುಮಿನಾ ಪುಡಿಯನ್ನು ಕಡಿಮೆ ಒತ್ತಡದ ಗಾಳಿಯಲ್ಲಿ ಸಿಡಿಸಿದರೆ ಸಾಕು.

ಗ್ಲೇಝ್ ಹಾಕ್ತೀವಲ್ಲ, ಪಾಲಿಶ್ ಯಾಕೆ ಅನ್ನುವವರಿದ್ದಾರೆ. ಗ್ಲೇಝ್ ತೆಳ್ಳನೆ ಗಾಜಿನ ಪದರ. ಅಗಿಯುವ ಕಡೆ ಸವೆದೇ ಸವೆಯುತ್ತದೆ. ಅಡಿಯಲ್ಲಿ ಒರಟು ಉಳಿದಿದ್ದರೆ ಎದುರಿನ ಹಲ್ಲಿಗೆ ಅದೇ ಅರ. ಚನ್ನಗಿರಿ ಕಡೆಯಿಂದ ಬರುವವರಲ್ಲಿ ಅಡಕೆ ಅಗಿಯುವವರು ಜಾಸ್ತಿ. ಅಂಥವರ ಕ್ಯಾಪಿಗೆ ಅಗಿಯುವ ಕಡೆ ನಾನು ಗ್ಲೇಝ್ ಹಾಕುವುದೇ ಇಲ್ಲ, ಬರೀ ಪಾಲಿಶ್.

ಡಾಕ್ಟರ್‌ಗಳಿಗೂ ಒಂದು ಮಾತು. ಬೈಟ್ ಪೇಪರ್ (ಕಚ್ಚಿದಾಗ ಹಲ್ಲು ತಾಗುವ ಕಡೆ ಗುರುತು ಬಿಡುವ ಕಾಗದ) ಇಟ್ಟು ನೋಡಿ, ಎತ್ತರ ಅನ್ನಿಸಿದ ಕಡೆ ಉಜ್ಜುತ್ತೀರಿ, ಸರಿ. ಉಜ್ಜಿದ ಜಾಗ ಪಾಲಿಶ್ ಆಗದೆ ಸಿಮೆಂಟ್ ಹಾಕಬೇಡಿ. ಕಿಟ್ ಇಲ್ಲದಿದ್ದರೆ ಕ್ಯಾಪ್ ನಮಗೇ ಕಳಿಸಿಬಿಡಿ, ಸಂಜೆಯೊಳಗೆ ಮಾಡಿಕೊಡುತ್ತೇವೆ.